ಅಧ್ಯಾಪಕರ ಓದು ಬಳಗ: ಊರಿನ ಕೆಲಸವನ್ನು ಪಾಠದೊಳಗೆ ತರಲು ಒಂದು ಸೆಮಿಸ್ಟರ್‌ನ ಮಾರ್ಗದರ್ಶಿ

ನಮ್ಮ ಡಿಗ್ರಿ ಕಾಲೇಜುಗಳಲ್ಲಿ ಹಳ್ಳಿಗೆ ಹೋಗುವ ಕಾರ್ಯಕ್ರಮಗಳಿಗೆ ಕೊರತೆ ಇಲ್ಲ. ಎನ್ನೆಸ್ಸೆಸ್ (ರಾಷ್ಟ್ರೀಯ ಸೇವಾ ಯೋಜನೆ) ಶಿಬಿರ, ಯುವ ರೆಡ್ ಕ್ರಾಸ್, ರೋವರ್ಸ್ ರೇಂಜರ್ಸ್, ಉನ್ನತ ಭಾರತ ಅಭಿಯಾನದ ದತ್ತು ಗ್ರಾಮ, ಹೀಗೆ ಪಟ್ಟಿ ಉದ್ದವಾಗಿಯೇ ಇದೆ. ಆದರೆ ಶಿಬಿರದಲ್ಲಿ ಚರಂಡಿ ಬಳಿದ ಬಿಎಸ್ಸಿ ಹುಡುಗಿ ಅದೇ ಊರಿನ ಬೋರ್‌ವೆಲ್ ನೀರನ್ನು ತನ್ನ ಕೆಮಿಸ್ಟ್ರಿ ಲ್ಯಾಬ್‌ನಲ್ಲಿ ಪರೀಕ್ಷೆ ಮಾಡಿರುವುದಿಲ್ಲ. ಗಿಡ ನೆಟ್ಟ ಬಿಕಾಂ ಹುಡುಗ ಆ ಊರಿನ ಸ್ವಸಹಾಯ ಸಂಘದ ಲೆಕ್ಕದ ಪುಸ್ತಕ ನೋಡಿರುವುದಿಲ್ಲ. ಸೇವೆ ಒಂದು ಕಡೆ, ಪಾಠ ಇನ್ನೊಂದು ಕಡೆ.

ಇವೆರಡನ್ನೂ ಸೇರಿಸುವುದಕ್ಕೆ ಸೇವಾ ಕಲಿಕೆ ಅನ್ನುತ್ತಾರೆ. ಊರಿಗೆ ಬೇಕಾದ ಒಂದು ಕೆಲಸವೇ ವಿದ್ಯಾರ್ಥಿಯ ಪಾಠದ ಭಾಗವಾಗುತ್ತದೆ. ಆಮೇಲೆ ಆ ಅನುಭವದ ಬಗ್ಗೆ ಕೂತು ಯೋಚಿಸುವುದೂ ಪಾಠವೇ. ಅಮೆರಿಕದಲ್ಲಿ 1960ರ ದಶಕದ ಕೊನೆಗೆ ಈ ಹೆಸರು ಚಾಲ್ತಿಗೆ ಬಂತು. ಅಲ್ಲಿನ ಕ್ಯಾಂಪಸ್‌ಗಳಲ್ಲಿ ಅಧ್ಯಾಪಕರು ಸೆಮಿಸ್ಟರ್‌ಗೆ ಕೆಲವು ಸಲ ಸೇರಿ, ಈ ವಿಷಯದ ಒಂದು ಪುಸ್ತಕವನ್ನೋ ನಾಲ್ಕಾರು ಲೇಖನಗಳನ್ನೋ ಓದಿ ಚರ್ಚಿಸುವ ಬಳಗಗಳು ಸಾಮಾನ್ಯ. ನಮ್ಮಲ್ಲಿ ಇಡೀ ಭಾರ ಎನ್ನೆಸ್ಸೆಸ್ ಕಾರ್ಯಕ್ರಮಾಧಿಕಾರಿಯ ತಲೆ ಮೇಲೆ. ಉಳಿದವರು ಸಮಾರೋಪದ ದಿನ ಬಂದು ಶಾಲು ಹೊದೆಸಿಕೊಂಡು ಹೋಗುತ್ತಾರೆ.

ಬಳಗ ಕಟ್ಟಲು ದುಡ್ಡು ಬೇಕಿಲ್ಲ. ಆದರೆ ಸುಮ್ನೆ ಓದಿ ಎದ್ದು ಹೋಗುವುದಕ್ಕೆ ಇಷ್ಟೆಲ್ಲ ಕಷ್ಟ ಬೇಡ. ಓದಿದ್ದರಿಂದ ಪ್ರತಿಯೊಬ್ಬ ಅಧ್ಯಾಪಕರ ಒಂದು ಅಸೈನ್‌ಮೆಂಟ್ ಆದರೂ ಬದಲಾಗಬೇಕು. ಕೆಳಗಿನ ಹೆಜ್ಜೆಗಳೆಲ್ಲ ಆ ಒಂದು ಗುರಿಗೆ ಕಟ್ಟಿದವು.

ಹೆಜ್ಜೆ 1: ಯಾರ್ಯಾರು ಇರಬೇಕು

ಆರರಿಂದ ಹತ್ತು ಜನ ಸಾಕು. ಅದಕ್ಕಿಂತ ಜಾಸ್ತಿ ಆದರೆ ಅದು ಸಭೆಯಾಗುತ್ತದೆ, ಸಭೆ ಅಂದ ಮೇಲೆ ಭಾಷಣ ಶುರು.

ಕಾರ್ಯಕ್ರಮಾಧಿಕಾರಿ ಇರಲೇಬೇಕು. ಅವರ ಜೊತೆಗೆ, "ಇದೆಲ್ಲ ಟೈಂ ವೇಸ್ಟ್ ಸರ್, ಸಿಲಬಸ್ ಮುಗಿಸೋದೇ ಕಷ್ಟ" ಎನ್ನುವ ಒಬ್ಬರನ್ನು ಬೇಕಂತಲೇ ಕರೆಯಿರಿ. ಬಳಗಕ್ಕೆ ಅವರಷ್ಟು ಉಪಯೋಗಕ್ಕೆ ಬರುವವರು ಇಲ್ಲ. ಲೈಬ್ರೇರಿಯನ್ ಮತ್ತು ದೈಹಿಕ ಶಿಕ್ಷಣ ನಿರ್ದೇಶಕರನ್ನು ಬಿಡಬೇಡಿ. ಮಕ್ಕಳನ್ನು ತರಗತಿಯ ಹೊರಗೆ ನೋಡಿ ಬಲ್ಲವರು ಅವರೇ.

ಅತಿಥಿ ಉಪನ್ಯಾಸಕರ ವಿಷಯದಲ್ಲಿ ಎಚ್ಚರ ಬೇಕು. ಎಷ್ಟೋ ಸರ್ಕಾರಿ ಕಾಲೇಜುಗಳಲ್ಲಿ ಪಾಠದ ದೊಡ್ಡ ಪಾಲು ಅವರದೇ. ಸುತ್ತಮುತ್ತಲ ಊರುಗಳಿಂದಲೇ ಬರುವವರಾದ್ದರಿಂದ ಅವರಿಗೆ ಊರೂ ಗೊತ್ತು. ಆದರೆ ಅವರ ಕ್ಲಾಸ್ ಇಲ್ಲದ ದಿನ ಸಭೆ ಇಟ್ಟರೆ ಬಸ್ ಚಾರ್ಜ್ ಕೊಟ್ಟು ಬರಬೇಕಾಗುತ್ತದೆ. ಹಾಗಾಗಿ ಅವರ ಟೈಮ್‌ಟೇಬಲ್ ನೋಡಿಯೇ ದಿನ ಗೊತ್ತು ಮಾಡಿ. ಮತ್ತೆ, ಬಳಗದ ಟೀ ತರಿಸುವುದು, ಜೆರಾಕ್ಸ್ ಮಾಡಿಸುವುದು ಅವರ ಪಾಲಿಗೆ ಬೀಳದಂತೆ ನೋಡಿಕೊಳ್ಳಿ. ಯಾರೂ ಹೇಳದಿದ್ದರೂ ಅದು ತಾನಾಗಿ ಅವರ ಕಡೆ ಜಾರುತ್ತದೆ.

ಹೆಜ್ಜೆ 2: ಪ್ರಿನ್ಸಿಪಾಲರ ಹತ್ತಿರ ಏನು ಕೇಳಬೇಕು, ಏನು ಕೇಳಬಾರದು

ಕೇಳಬೇಕಾದ್ದು ಎರಡೇ: ಹದಿನೈದು ದಿನಕ್ಕೊಮ್ಮೆ ಒಂದೂಕಾಲು ಗಂಟೆ ಬಿಡುವು, ಮತ್ತು ಬಾಗಿಲು ಹಾಕಿಕೊಳ್ಳಬಹುದಾದ ಒಂದು ಕೋಣೆ. ಸ್ಟಾಫ್ ರೂಮ್ ಬೇಡ, ಅಲ್ಲಿ ಪ್ರತಿ ಐದು ನಿಮಿಷಕ್ಕೆ ಯಾರಾದರೂ ಸಹಿ ಕೇಳಿಕೊಂಡು ಬರುತ್ತಾರೆ.

ಉದ್ಘಾಟನೆ, ಬ್ಯಾನರ್, ಮುಖ್ಯ ಅತಿಥಿ ಕೇಳಬೇಡಿ. ಕೊಡುತ್ತೇವೆ ಅಂದರೂ ಬೇಡ ಅನ್ನಿ. ಕಾಲೇಜುಗಳಿಗೆ ಮಾನ್ಯತೆ ಕೊಡುವ ನ್ಯಾಕ್‌ನಲ್ಲಿ ವಿಸ್ತರಣಾ ಚಟುವಟಿಕೆಗೆ ಅಂಕ ಇರುವುದರಿಂದ, ಕಾಲೇಜಿನ ಗುಣಮಟ್ಟ ನೋಡಿಕೊಳ್ಳುವ ಐಕ್ಯೂಎಸಿಯವರು ಫೋಟೊ ಕೇಳಿಯೇ ಕೇಳುತ್ತಾರೆ. ಸೆಮಿಸ್ಟರ್ ಕೊನೆಗೆ ಒಂದು ಪುಟದ ವರದಿ ಕೊಡುತ್ತೇವೆ, ಅಲ್ಲಿಯವರೆಗೆ ಏನೂ ಕೇಳಬೇಡಿ ಎಂದು ಮೊದಲೇ ಮಾತಾಡಿಕೊಳ್ಳಿ. ಜಿಯೋಟ್ಯಾಗ್ ಫೋಟೊಗೆ ನಿಂತುಕೊಳ್ಳುವ ಬಳಗದಲ್ಲಿ "ನಮ್ಮ ಶಿಬಿರದಿಂದ ಊರಿಗೆ ಏನೂ ಆಗಲಿಲ್ಲ" ಅಂತ ಯಾರೂ ಬಾಯಿ ಬಿಡುವುದಿಲ್ಲ.

ಹೆಜ್ಜೆ 3: ಕ್ಯಾಲೆಂಡರ್

ಹದಿನಾರು ವಾರದ ಸೆಮಿಸ್ಟರ್‌ಗೆ ಆರು ಸಭೆ. ಮೂರನೇ ವಾರ ಶುರು ಮಾಡಿ, ವಾರ ಬಿಟ್ಟು ವಾರ ಸೇರಿದರೆ ಹದಿಮೂರನೇ ವಾರಕ್ಕೆ ಮುಗಿಯುತ್ತದೆ. ಇಂಟರ್ನಲ್ಸ್, ಪರೀಕ್ಷೆ, ಮೌಲ್ಯಮಾಪನದ ಹತ್ತಿರಕ್ಕೆ ಹೋಗಬೇಡಿ.

ಹೆಜ್ಜೆ 4: ಏನು ಓದಬೇಕು

ಬಳಗ ಉಳಿಯುವುದೂ ಒಡೆಯುವುದೂ ಇಲ್ಲೇ. ಎರಡು ನಿಯಮ ಇಟ್ಟುಕೊಳ್ಳಿ. ಒಂದು ಸಲಕ್ಕೆ ಹನ್ನೆರಡು ಪುಟ ದಾಟಬಾರದು. ಇಂಗ್ಲಿಷ್ ಬರಹ ಇದ್ದರೆ ಒಬ್ಬರು ಮೊದಲೇ ಓದಿ, ಅದರ ಮುಖ್ಯ ಭಾಗವನ್ನು ಕನ್ನಡದಲ್ಲಿ ಎರಡು ಪುಟ ಬರೆದು ತರಬೇಕು. ಪಿಪಿಟಿ ಬೇಡ. ಚರ್ಚೆ ಕನ್ನಡದಲ್ಲೇ ನಡೆಯಲಿ. ಇಂಗ್ಲಿಷ್ ವಿಭಾಗದವರೊಬ್ಬರೇ ಮಾತಾಡುವ ಬಳಗ ಮೂರನೇ ಸಭೆ ಕಾಣುವುದಿಲ್ಲ.

ಮೊದಲ ಸಭೆಗೆ ನಿಮ್ಮ ಕಾಲೇಜಿನದೇ ಹೋದ ವರ್ಷದ ಶಿಬಿರದ ವರದಿ ತೆಗೆದುಕೊಳ್ಳಿ. ಹೌದು, ಅದೇ. ಅದನ್ನು ಒಂದು ಪಠ್ಯ ಅಂದುಕೊಂಡು ಗಟ್ಟಿಯಾಗಿ ಓದಿ. ಅರಿವು ಮೂಡಿಸಿದವರು ಯಾರು, ಮೂಡಿಸಿಕೊಂಡವರು ಯಾರು? ಆ ಊರಿನ ಒಬ್ಬರ ಮಾತಾದರೂ ವರದಿಯಲ್ಲಿ ಇದೆಯಾ? ವಿದ್ಯಾರ್ಥಿ ಕಲಿತದ್ದರ ಬಗ್ಗೆ ಎಷ್ಟು ಸಾಲು, ಅತಿಥಿಗಳ ಹೆಸರಿಗೆ ಎಷ್ಟು ಸಾಲು? ಕಾರ್ಯಕ್ರಮಾಧಿಕಾರಿಗೆ ಇದು ಮುಜುಗರ ತರಬಹುದು. ಆದ್ದರಿಂದ ಅವರನ್ನು ಮೊದಲೇ ಕೇಳಿ, ಅವರ ಕೈಯಲ್ಲೇ ಓದಿಸಿ. ವರದಿ ಹಾಗೆ ಇರುವುದಕ್ಕೆ ನಮೂನೆ ಹಾಗಿರುವುದೇ ಕಾರಣ, ಅವರಲ್ಲ.

ಜೊತೆಗೆ ಸ್ವಲ್ಪ ಹಿನ್ನೆಲೆ ಹೇಳಿ. ಎನ್ನೆಸ್ಸೆಸ್ ಶುರುವಾದದ್ದು 1969ರ ಸೆಪ್ಟೆಂಬರ್ 24ರಂದು, ಗಾಂಧಿ ಶತಮಾನೋತ್ಸವದ ವರ್ಷ. 37 ವಿಶ್ವವಿದ್ಯಾಲಯಗಳು, 40,000 ವಿದ್ಯಾರ್ಥಿಗಳು. ಚಾಲನೆ ಕೊಟ್ಟವರು ಆಗಿನ ಕೇಂದ್ರ ಶಿಕ್ಷಣ ಮಂತ್ರಿ ವಿ.ಕೆ.ಆರ್.ವಿ. ರಾವ್. ಬಳ್ಳಾರಿಯಿಂದ ಲೋಕಸಭೆಗೆ ಹೋಗಿದ್ದ, ಮುಂದೆ ಬೆಂಗಳೂರಿನಲ್ಲಿ ಐಸೆಕ್ ಎಂಬ ಸಾಮಾಜಿಕ, ಆರ್ಥಿಕ ಸಂಶೋಧನಾ ಸಂಸ್ಥೆ ಕಟ್ಟಿದ ಅರ್ಥಶಾಸ್ತ್ರಜ್ಞ ಅವರು. ಇವತ್ತಿಗೂ ಸ್ವಯಂಸೇವಕರಿಗೆ ಎರಡು ವರ್ಷಕ್ಕೆ 240 ಗಂಟೆ, ಏಳು ದಿನದ ವಿಶೇಷ ಶಿಬಿರ ಎಂಬ ಲೆಕ್ಕ ಇದೆ. ಗಂಟೆಯ ಲೆಕ್ಕ ಇದೆ, ಕಲಿಕೆಯ ಲೆಕ್ಕ ಎಲ್ಲಿದೆ ಅನ್ನುವ ಪ್ರಶ್ನೆಯನ್ನು ಅಲ್ಲಿಗೇ ಬಿಟ್ಟು ಎದ್ದೇಳಿ.

ಎರಡನೇ ಸಭೆಗೆ ಚಿಂತಕ ಇವಾನ್ ಇಲಿಚ್ 1968ರ ಏಪ್ರಿಲ್‌ನಲ್ಲಿ ಮೆಕ್ಸಿಕೋದ ಕುಯೆರ್ನವಾಕದಲ್ಲಿ ಮಾಡಿದ ಭಾಷಣ. ಎದುರಿಗೆ ಕೂತವರು ಮೆಕ್ಸಿಕೋದ ಹಳ್ಳಿಗಳಲ್ಲಿ ಬೇಸಿಗೆ ಸೇವೆಗೆ ಬಂದ ಅಮೆರಿಕದ ವಿದ್ಯಾರ್ಥಿಗಳು. ಅವರ ಮುಖಕ್ಕೇ ಹೇಳಿದರು: ನೋಡಲು ಬನ್ನಿ, ಬೆಟ್ಟ ಹತ್ತಲು ಬನ್ನಿ, ಕಲಿಯಲು ಬನ್ನಿ, ಸಹಾಯ ಮಾಡಲು ಮಾತ್ರ ಬರಬೇಡಿ. ಭಾಷಣ ಚಿಕ್ಕದು, ಸಿಟ್ಟಿನದು. ಓದಿದವರಿಗೂ ಸಿಟ್ಟು ಬರುತ್ತದೆ. ಬರಲಿ. ನಮ್ಮ ಮಕ್ಕಳು ಅದೇ ಹಳ್ಳಿಗಳಿಂದ ಬಂದವರು, ಅವರಿಗೂ ಈ ಮಾತು ತಾಗುತ್ತದಾ ಎಂದು ಕೇಳಿ ನೋಡಿ. ಅರ್ಧ ಗಂಟೆ ಇದರ ಮೇಲೇ ಹೋಗುತ್ತದೆ. ಊರಿನವಳೇ ಆದ ಹುಡುಗಿ ಎನ್ನೆಸ್ಸೆಸ್ ಟೀಶರ್ಟ್ ಹಾಕಿಕೊಂಡು ಪಕ್ಕದ ಊರಿಗೆ ಹೋದಾಗ ಹೊರಗಿನವಳಾಗುತ್ತಾಳೋ ಇಲ್ಲವೋ? ಇದಕ್ಕೆ ಇಲಿಚ್ ಹತ್ತಿರ ಉತ್ತರ ಇಲ್ಲ, ನಿಮ್ಮ ಹತ್ತಿರ ಇರಬಹುದು.

ಮೂರನೇ ಸಭೆಗೆ ಗಾಂಧಿ ಮತ್ತು ಅಂಬೇಡ್ಕರ್, ಒಟ್ಟಿಗೆ. ಒಬ್ಬರನ್ನು ಬಿಟ್ಟು ಒಬ್ಬರನ್ನು ಓದಬೇಡಿ. ಗಾಂಧಿಯಿಂದ, ಕೈಕೆಲಸದ ಮೂಲಕವೇ ಓದು ಕಲಿಸಬೇಕು ಎನ್ನುವ ನಯೀ ತಾಲೀಮ್ ಬರಹಗಳ ಕೆಲವು ಪುಟ. 1937ರ ಅಕ್ಟೋಬರ್‌ನ ವಾರ್ಧಾ ಸಮ್ಮೇಳನದ ಸುತ್ತಮುತ್ತ ಬರೆದವು. ಅಂಬೇಡ್ಕರರಿಂದ, 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಮಾಡಿದ ಭಾಷಣದ ಹಳ್ಳಿಯ ಭಾಗ. ಹಳ್ಳಿ ಎಂದರೆ ಸಂಕುಚಿತ ಮನಸ್ಸಿನ, ಅಜ್ಞಾನದ ಗೂಡು ಎಂದು ಅವರು ನೇರವಾಗಿ ಹೇಳಿದ್ದಾರೆ. ಒಬ್ಬರಿಗೆ ಹಳ್ಳಿಯೇ ಶಾಲೆ, ಇನ್ನೊಬ್ಬರಿಗೆ ಹಳ್ಳಿಯಿಂದಲೇ ಬಿಡುಗಡೆ ಬೇಕು.

ಈ ಸಭೆಯಲ್ಲಿ ಶಿಬಿರದ ಕಷ್ಟದ ಪ್ರಶ್ನೆಗಳನ್ನು ತೆಗೆಯಲೇಬೇಕು. ಶಿಬಿರ ಎಲ್ಲಿ ಇಳಿಯುತ್ತದೆ, ದೇವಸ್ಥಾನದ ಪಕ್ಕದ ಶಾಲೆಯಲ್ಲೋ ಕಾಲೋನಿಯಲ್ಲೋ? ಅಡುಗೆ ಯಾರದು? ಶ್ರಮದಾನದ ರಸ್ತೆ ಯಾರ ಮನೆ ಮುಂದಿನದು? ಊರವರು "ನಮ್ಮ ಊರಿಗೆ ಇದು ಬೇಕು" ಅಂದಾಗ ಆ ಊರವರು ಯಾರು? ಚರ್ಚೆ ಬಿಸಿಯಾಗುತ್ತದೆ. ಬಳಗದಲ್ಲೂ ಬೇರೆ ಬೇರೆ ಜಾತಿಯವರು ಕೂತಿರುತ್ತಾರೆ ಅನ್ನುವುದನ್ನು ಮರೆಯಬೇಡಿ. ದಲಿತ ಸಹೋದ್ಯೋಗಿಯ ಕಡೆ ತಿರುಗಿ "ಸರ್, ನೀವು ಹೇಳಿ" ಎಂದು ಎಲ್ಲರ ಪರವಾಗಿ ಸಾಕ್ಷಿ ಕೇಳಬೇಡಿ. ಅವರು ಹೇಳಬೇಕು ಅನಿಸಿದಾಗ ಹೇಳುತ್ತಾರೆ.

ಕನ್ನಡದ ಮೇಷ್ಟ್ರು ಬಳಗದಲ್ಲಿದ್ದರೆ ಇದರ ಜೊತೆಗೆ ಶಿವರಾಮ ಕಾರಂತರ 'ಚೋಮನ ದುಡಿ'ಯ ಕೆಲವು ಪುಟ ಸೇರಿಸಬಹುದು. 1933ರ ಕಾದಂಬರಿ, ಬಹಳ ಜನಕ್ಕೆ ಕಥೆ ಗೊತ್ತು. ಚೋಮನಿಗೆ ಬೇಕಾದದ್ದು ಬೇಸಾಯಕ್ಕೆ ತುಂಡು ನೆಲ. ಸುತ್ತಲಿನವರು ಅವನಿಗೆ ಬೇರೆ ಏನೇನನ್ನೋ ಕೊಡಲು ತಯಾರು, ಅದನ್ನು ಮಾತ್ರ ಅಲ್ಲ. ಸೇವೆಯ ಚರ್ಚೆಗೆ ಇದಕ್ಕಿಂತ ನೇರವಾದ ಪ್ರವೇಶ ಹುಡುಕುವುದು ಕಷ್ಟ.

ನಾಲ್ಕನೇ ಸಭೆ ಕಾಲೇಜಿನಲ್ಲಿ ಬೇಡ. ಅದರ ಬಗ್ಗೆ ಆಮೇಲೆ ಹೇಳುತ್ತೇನೆ.

ಐದನೇ ಸಭೆಗೆ ಎರಡು ಚಿಕ್ಕ ಬರಹ. ಒಂದು, ರಾಬರ್ಟ್ ಸಿಗ್ಮನ್ 1979ರಲ್ಲಿ ಬರೆದ ಸೇವಾ ಕಲಿಕೆಯ ಮೂರು ತತ್ವಗಳು. ಸೇವೆ ಪಡೆಯುವವರ ಕೈಯಲ್ಲೇ ಸೇವೆಯ ಹಿಡಿತ ಇರಬೇಕು. ಅವರ ಸ್ವಂತ ಶಕ್ತಿ ಹೆಚ್ಚಬೇಕು. ಸೇವೆ ಮಾಡುವವರೂ ಕಲಿಯುವವರೇ, ಏನು ಕಲಿಯಬೇಕು ಎನ್ನುವುದರಲ್ಲಿ ಅವರಿಗೂ ಮಾತು ಇರಬೇಕು. ಇನ್ನೊಂದು, ಉನ್ನತ ಶಿಕ್ಷಣದಲ್ಲಿ ಸಾಮಾಜಿಕ ಜವಾಬ್ದಾರಿ ಮತ್ತು ಸಮುದಾಯದ ಒಡನಾಟದ ಬಗ್ಗೆ ಯುಜಿಸಿ 2020ರಲ್ಲಿ ಹೊರಡಿಸಿದ ಚೌಕಟ್ಟು. ಕ್ಷೇತ್ರಕಾರ್ಯ ಸೇರಿದ 2 ಕ್ರೆಡಿಟ್‌ನ ಒಂದು ಕೋರ್ಸ್ ಇರಲಿ ಎನ್ನುವ ಸಲಹೆ ಅದರಲ್ಲಿದೆ. ಸರ್ಕ್ಯುಲರ್ ಓದುವ ಹಾಗೆ ಓದಬೇಡಿ. ಸಿಗ್ಮನ್‌ನ ಮೂರು ತತ್ವವನ್ನು ಪಕ್ಕದಲ್ಲಿಟ್ಟುಕೊಂಡು, ಯುಜಿಸಿ ಎಲ್ಲಿ ಹಳ್ಳಿಯನ್ನು ಕಲಿಸುವ ಜಾಗವಾಗಿ ನೋಡುತ್ತದೆ, ಎಲ್ಲಿ ಉದ್ಧಾರ ಮಾಡುವ ಜಾಗವಾಗಿ ನೋಡುತ್ತದೆ ಎಂದು ಪೆನ್ಸಿಲ್‌ನಲ್ಲಿ ಗುರುತು ಹಾಕಿ.

ಅಮೆರಿಕದ ಶಿಕ್ಷಣ ಚಿಂತಕ ಜಾನ್ ಡ್ಯೂಯಿಯನ್ನು ಓದಲೇಬೇಕಾ? 1938ರ ಅವರ ಚಿಕ್ಕ ಪುಸ್ತಕ 'ಎಕ್ಸ್‌ಪೀರಿಯೆನ್ಸ್ ಅಂಡ್ ಎಜುಕೇಷನ್'ನಲ್ಲಿ ಒಂದು ಮಾತಿದೆ: ಎಲ್ಲ ಅನುಭವವೂ ಕಲಿಸುವುದಿಲ್ಲ, ಕೆಲವು ಅನುಭವ ಮುಂದಿನ ಕಲಿಕೆಗೇ ಅಡ್ಡ ಬರುತ್ತದೆ. ಬಿಎಡ್ ಮಾಡಿದವರು ಬಳಗದಲ್ಲಿದ್ದರೆ ಅವರೇ ಇದನ್ನು ವಿವರಿಸಲಿ. ಪೂರ್ತಿ ಓದುವುದು ಎರಡನೇ ಸೆಮಿಸ್ಟರ್‌ಗೆ ಇರಲಿ.

ಹೆಜ್ಜೆ 5: ಸಭೆ ನಡೆಸುವ ಕ್ರಮ

"ಓದಿಕೊಂಡು ಬನ್ನಿ" ಎಂದು ಪಿಡಿಎಫ್ ಅನ್ನು ವಾಟ್ಸಾಪ್ ಗ್ರೂಪಿಗೆ ಹಾಕಿದರೆ ಅರ್ಧ ಜನ ಓದುವುದಿಲ್ಲ. ಓದದವರು ನಾಚಿಕೆಗೆ ಬರುವುದೇ ಬಿಡುತ್ತಾರೆ. ಅದಕ್ಕೆ ಸುಲಭ ಉಪಾಯ: ಮೊದಲ ಇಪ್ಪತ್ತು ನಿಮಿಷ ಅಲ್ಲೇ ಕೂತು ಓದುವುದು. ಜೆರಾಕ್ಸ್ ಪ್ರತಿ ಕೈಗೆ ಕೊಡಿ, ಒಬ್ಬೊಬ್ಬರು ಒಂದೊಂದು ಪ್ಯಾರಾ ಗಟ್ಟಿಯಾಗಿ ಓದಲಿ. ನಮ್ಮಲ್ಲಿ ಗಮಕ, ಹರಿಕಥೆ, ಪುರಾಣ ಪಠಣ ಎಲ್ಲ ಕೇಳಿ ಬೆಳೆದವರು ಇದ್ದಾರೆ. ಒಟ್ಟಿಗೆ ಕೂತು ಓದಿ ಅರ್ಥ ಹೇಳುವುದು ಹೊಸದೇನಲ್ಲ.

ಆಮೇಲಿನ ನಲವತ್ತು ನಿಮಿಷ ಚರ್ಚೆ. ಹಿರಿಯರು ಕೊನೆಗೆ ಮಾತಾಡಲಿ. ಎಚ್‌ಒಡಿ ಮೊದಲು ಅಭಿಪ್ರಾಯ ಹೇಳಿಬಿಟ್ಟರೆ ಅವರ ವಿಭಾಗದವರು ಬಾಯಿ ಮುಚ್ಚಿಕೊಳ್ಳುತ್ತಾರೆ. ಇದು ಗೊತ್ತಿಲ್ಲದ ಕಾಲೇಜು ಇಲ್ಲ. ನಡೆಸುವವರು ಸಭೆಗೊಬ್ಬರಂತೆ ಬದಲಾಗಲಿ. ಪ್ರಶ್ನೆ ಎರಡೇ ಸಾಕು: ಇದರಲ್ಲಿ ಯಾವ ಸಾಲು ನಿಮ್ಮನ್ನು ಕೆಣಕಿತು? ಇದು ನಿಜವಾದರೆ ನಿಮ್ಮ ಪೇಪರ್‌ನಲ್ಲಿ ಏನು ಬದಲಾಗಬೇಕು?

ಕೊನೆಯ ಕಾಲು ಗಂಟೆ ಎಲ್ಲರೂ ತಮ್ಮ ತಮ್ಮ ಪುಸ್ತಕದಲ್ಲಿ ನಾಲ್ಕು ಸಾಲು ಬರೆಯಲಿ. ನಡಾವಳಿ ಬೇಡ. ಮಾತು ಟ್ರಾನ್ಸ್‌ಫರ್, ಏಳನೇ ವೇತನ ಆಯೋಗ, ಬಾಕಿ ಬಿಲ್ಲಿನ ಕಡೆ ತಿರುಗುವುದು ಖಂಡಿತ. ಐದು ನಿಮಿಷ ಬಿಟ್ಟುಬಿಡಿ, ತಡೆದರೆ ಜಾಸ್ತಿ ಆಗುತ್ತದೆ. ಆಮೇಲೆ ಓದಿಗೆ ಎಳೆದುಕೊಂಡು ಬನ್ನಿ.

ಹೆಜ್ಜೆ 6: ನಾಲ್ಕನೇ ಸಭೆ ಊರಿನಲ್ಲಿ

ವಿದ್ಯಾರ್ಥಿಗಳಿಲ್ಲದೆ, ಬ್ಯಾನರ್ ಇಲ್ಲದೆ, ಅಧ್ಯಾಪಕರು ಮಾತ್ರ ಹೋಗಬೇಕು. ಗ್ರಾಮ ಪಂಚಾಯತಿಯ ಅರಿವು ಕೇಂದ್ರ ಅನ್ನುವ ಲೈಬ್ರರಿಯಲ್ಲೋ ಅಂಗನವಾಡಿಯಲ್ಲೋ ಕೂರಬಹುದು. ಪಿಡಿಒ (ಪಂಚಾಯತಿ ಅಭಿವೃದ್ಧಿ ಅಧಿಕಾರಿ) ಮತ್ತು ಅಧ್ಯಕ್ಷರಿಗೆ ಮೊದಲೇ ಹೇಳಿ, ಆದರೆ ಸಭೆ ಅವರದಾಗಬಾರದು. ಕರೆಯಬೇಕಾದವರು ಆಶಾ ಕಾರ್ಯಕರ್ತೆ, ಅಂಗನವಾಡಿ ಟೀಚರ್, ನೀರುಗಂಟಿ, ಸ್ವಸಹಾಯ ಸಂಘದ ಪುಸ್ತಕ ಬರೆಯುವವರು, ಶಾಲೆಯ ಎಸ್‌ಡಿಎಂಸಿ ಸಮಿತಿಯ ಒಬ್ಬ ತಾಯಿ. ಕೂಲಿ ಬಿಟ್ಟು ಬರುವವರಿದ್ದರೆ ಸಂಜೆ ಹೋಗಿ.

ಅಲ್ಲಿ ಓದುವುದೂ ಒಂದಿದೆ. ಮೊದಲ ಸಭೆಯಲ್ಲಿ ಓದಿದ ಶಿಬಿರದ ವರದಿಯ ಒಂದು ಪುಟವನ್ನು ಅವರ ಮುಂದೆ ಓದಿ, "ಅಕ್ಕಾ, ಇದು ಸರಿ ಇದೆಯಾ?" ಎಂದು ಕೇಳಿ. ಮೊದಲು ಎಲ್ಲರೂ "ಚೆನ್ನಾಗಿ ಮಾಡಿದ್ರಿ ಸಾರ್" ಅನ್ನುತ್ತಾರೆ, ಮೇಷ್ಟ್ರ ಮುಂದೆ ಇನ್ನೇನು ಅಂದಾರು? ಸ್ವಲ್ಪ ಹೊತ್ತು ಸುಮ್ಮನೆ ಕೂತಿರಿ. ಆಮೇಲೆ "ಮುಂದಿನ ಸಲ ನಾವು ಏನು ಮಾಡೋದು ಬೇಡ?" ಎಂದು ಕೇಳಿ. ಏನು ಬೇಕು ಅಂದರೆ ಸಿಸಿ ರಸ್ತೆ, ಸಮುದಾಯ ಭವನ ಅನ್ನುವ ಪಟ್ಟಿ ಬರುತ್ತದೆ, ಅದು ಕಾಲೇಜಿನ ಕೈಯಲ್ಲಿ ಇಲ್ಲ. ಏನು ಬೇಡ ಅಂದರೆ ನಿಜ ಹೊರಗೆ ಬರುತ್ತದೆ.

ಇನ್ನೊಂದು ಸಾಧ್ಯತೆ ಗ್ರಾಮಸಭೆ. ಕರ್ನಾಟಕದ ಪಂಚಾಯತ್ ರಾಜ್ ಕಾಯ್ದೆ ಪ್ರಕಾರ ಅದು ಕನಿಷ್ಠ ಆರು ತಿಂಗಳಿಗೊಮ್ಮೆ ನಡೆಯಬೇಕು. ದಿನಾಂಕ ಹೊಂದಿದರೆ ಬಳಗ ಅಲ್ಲೇ ಹೋಗಿ ಹಿಂದಿನ ಸಾಲಿನಲ್ಲಿ ಕೂತು ಕೇಳಲಿ. ಪೌರ ಪ್ರಜ್ಞೆಯ ಬಗ್ಗೆ ಪಾಠ ಮಾಡುವ ನಮ್ಮಲ್ಲಿ ಎಷ್ಟು ಜನ ನಮ್ಮದೇ ವಾರ್ಡ್ ಸಭೆಗೆ ಹೋಗಿದ್ದೇವೆ?

ಇಲ್ಲಿಂದ ಮುಂದಿನ ಎರಡು ಸಭೆಗೆ ಊರಿನ ಒಬ್ಬರನ್ನಾದರೂ ಬಳಗದ ಸದಸ್ಯರಾಗಿ ಕರೆಯಿರಿ. ಅವರ ಬಸ್ ಚಾರ್ಜು ಮತ್ತು ಆ ದಿನದ ಕೂಲಿಯ ಹಣವನ್ನು ಅಧ್ಯಾಪಕರು ಸೇರಿ ಹಾಕಿಕೊಳ್ಳುವುದು ನ್ಯಾಯ.

ಹೆಜ್ಜೆ 7: ಒಂದೇ ಒಂದು ಅಸೈನ್‌ಮೆಂಟ್

ಆರನೇ ಸಭೆಗೆ ಪ್ರತಿಯೊಬ್ಬರೂ ಮುಂದಿನ ಸೆಮಿಸ್ಟರ್‌ನ ಒಂದು ಇಂಟರ್ನಲ್ ಅಸೈನ್‌ಮೆಂಟನ್ನು ತಿದ್ದಿ ತರಬೇಕು. ಇಡೀ ಪೇಪರ್ ಬೇಡ. ಸಿಲಬಸ್ ವಿಶ್ವವಿದ್ಯಾಲಯದ್ದು, ಅದನ್ನು ಮುಟ್ಟಲು ಆಗುವುದಿಲ್ಲ. ಇಂಟರ್ನಲ್ಸ್ ನಮ್ಮ ಕೈಯಲ್ಲಿದೆ.

ಕೆಮಿಸ್ಟ್ರಿಯಲ್ಲಿ ಇಡಿಟಿಎ ಟೈಟ್ರೇಷನ್‌ನಿಂದ ನೀರಿನ ಗಡಸುತನ ಕಂಡುಹಿಡಿಯುವ ಪ್ರಯೋಗ ಹೇಗೂ ಮಾಡಿಸುತ್ತೇವೆ. ನಲ್ಲಿ ನೀರಿನ ಬದಲು ಊರಿನ ಬೋರ್‌ವೆಲ್ ನೀರು ತರಿಸಿ. ಭಾರತೀಯ ಮಾನಕದ ಪ್ರಕಾರ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು, ಬೇರೆ ಮೂಲ ಇಲ್ಲದಿದ್ದರೆ 600ರವರೆಗೆ ನಡೆಯುತ್ತದೆ. ಫ್ಲೋರೈಡ್‌ಗೆ ಈ ಮಿತಿ 1 ಮತ್ತು 1.5. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದ ಕಡೆಯ ಕಾಲೇಜುಗಳಿಗೆ ಫ್ಲೋರೈಡ್ ಸಮಸ್ಯೆ ಹೇಳಿಕೊಡಬೇಕಿಲ್ಲ. ಜಲ ಜೀವನ್ ಮಿಷನ್‌ನಲ್ಲಿ ಹಳ್ಳಿಯ ಹೆಂಗಸರಿಗೇ ನೀರು ಪರೀಕ್ಷಿಸುವ ಕಿಟ್‌ನ ತರಬೇತಿ ಕೊಡುವ ಏರ್ಪಾಟಿದೆ. ಅಂಥವರಿದ್ದರೆ ವಿದ್ಯಾರ್ಥಿಗಳು ಮೊದಲು ಅವರಿಂದ ಕಲಿಯಲಿ, ಆಮೇಲೆ ಲ್ಯಾಬ್‌ನ ಫಲಿತಾಂಶದ ಜೊತೆ ಹೋಲಿಸಲಿ. ಫಲಿತಾಂಶ ಊರಿಗೆ ವಾಪಸ್ ಹೋಗಲೇಬೇಕು, ಒಂದು ಪುಟದಲ್ಲಿ, ಕನ್ನಡದಲ್ಲಿ. ಕಾಲೇಜು ಲ್ಯಾಬಿನ ಅಂಕಿ ಅಧಿಕೃತವಲ್ಲ ಎಂದು ಅದರಲ್ಲೇ ಬರೆಯಿರಿ. ಜಾಸ್ತಿ ಬಂದಿದ್ದರೆ ಸರ್ಕಾರಿ ಪ್ರಯೋಗಾಲಯದಲ್ಲಿ ಮತ್ತೊಮ್ಮೆ ಮಾಡಿಸಲು ಪಿಡಿಒಗೆ ಅರ್ಜಿ ಕೊಡಿ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ ಎನ್ನುವುದನ್ನೂ ಹೇಳಿ ಬನ್ನಿ, ಹೋಗುತ್ತದೆ ಎಂದು ನಂಬಿದವರು ಇದ್ದಾರೆ.

ಕಾಮರ್ಸ್‌ನಲ್ಲಿ ಬಡ್ಡಿ ಲೆಕ್ಕ. 10,000 ರೂಪಾಯಿ ಸಾಲ, ವರ್ಷಕ್ಕೆ 12 ಪರ್ಸೆಂಟ್, ಹನ್ನೆರಡು ಸಮ ಕಂತು. ಪೂರ್ತಿ ಅಸಲಿನ ಮೇಲೆ ಲೆಕ್ಕ ಹಾಕಿದರೆ ಬಡ್ಡಿ 1,200. ಉಳಿದ ಅಸಲಿನ ಮೇಲೆ ಹಾಕಿದರೆ ಸುಮಾರು 662. ಮನೆ ಬಾಗಿಲಿಗೆ ಬರುವ ಸಾಲಗಳಲ್ಲಿ ಯಾವುದು ಯಾವ ಲೆಕ್ಕದ್ದು ಎಂದು ಸಂಘದ ಸದಸ್ಯೆಯರ ಜೊತೆ ಕೂತು ಬಿಡಿಸುವುದು ಒಳ್ಳೆಯ ಅಸೈನ್‌ಮೆಂಟ್. ಒಬ್ಬರ ಸಾಲದ ವಿವರ ಇನ್ನೊಬ್ಬರಿಗೆ ಗೊತ್ತಾಗಬಾರದು, ವಿದ್ಯಾರ್ಥಿಯ ವರದಿಯಲ್ಲಿ ಹೆಸರು ಬರಬಾರದು. ಇದನ್ನು ಮೊದಲೇ ಬರೆದುಕೊಟ್ಟು ಹೋಗಬೇಕು.

ರಾಜ್ಯಶಾಸ್ತ್ರಕ್ಕೆ ಗ್ರಾಮಸಭೆ ಇದ್ದೇ ಇದೆ: ಹಿಂದಿನ ಸಭೆಯ ಠರಾವುಗಳಲ್ಲಿ ಯಾವುದು ಆಯ್ತು, ಯಾವುದು ಆಗಲಿಲ್ಲ. ಇತಿಹಾಸದವರಿಗೆ ಊರಿನ ವೀರಗಲ್ಲು, ಕೆರೆ ಏರಿ, ಹಳೇ ಜನರ ನೆನಪು.

ಅಂಕ ಕೊಡುವಾಗ ಒಂದು ವಿಷಯ ಖಡಾಖಂಡಿತ. ಸೇವೆಗೆ ಅಂಕ ಇಲ್ಲ, ಕಲಿಕೆಗೆ ಅಂಕ. ಎಷ್ಟು ಗಂಟೆ ಊರಲ್ಲಿದ್ದ ಅನ್ನುವುದಕ್ಕೆ ಕೊಟ್ಟರೆ ಮತ್ತೆ ಹಾಜರಿ ಪುಸ್ತಕದ ಕಥೆಯೇ. ವಿದ್ಯಾರ್ಥಿ ಮೂರು ಪ್ರಶ್ನೆಗೆ ಉತ್ತರ ಬರೆಯಲಿ: ಏನಾಯ್ತು, ಅದರಿಂದ ನನಗೆ ಏನು ಗೊತ್ತಾಯ್ತು, ಮುಂದೇನು. ಎರಡನೆಯದರಲ್ಲಿ ಪಠ್ಯದ ಒಂದು ಪರಿಕಲ್ಪನೆ ಬರಲೇಬೇಕು. "ತುಂಬಾ ಖುಷಿಯಾಯ್ತು, ಹಳ್ಳಿ ಜನ ಮುಗ್ಧರು" ಅಂತ ಬರೆದರೆ ವಾಪಸ್ ಕೊಡಿ.

ಆರನೇ ಸಭೆಯಲ್ಲಿ ಈ ಅಸೈನ್‌ಮೆಂಟ್‌ಗಳನ್ನೇ ಓದುವುದು. ಊರಿನಿಂದ ಬಂದ ಸದಸ್ಯರು ಮೊದಲು ಮಾತಾಡಲಿ. "ಹದಿನೈದು ಮಕ್ಕಳು ಒಟ್ಟಿಗೆ ಬಂದ್ರೆ ನಮಗೆ ಕೆಲಸ ನಿಂತೋಗುತ್ತೆ, ಮೂರ್ಮೂರು ಜನ ಬರಲಿ" ಎನ್ನುವಂಥ ಮಾತು ಅವರಿಂದ ಮಾತ್ರ ಬರಲು ಸಾಧ್ಯ.

ಹೆಜ್ಜೆ 8: ಮುಂದಿನ ಸೆಮಿಸ್ಟರ್‌ಗೆ

ಹತ್ತರಲ್ಲಿ ನಾಲ್ಕು ಜನ ಉಳಿದರೂ ಬಳಗ ಬದುಕಿದೆ ಅಂತಲೇ ಲೆಕ್ಕ. ಅವರನ್ನು ಹಿಡಿದುಕೊಂಡು ಮುಂದೆ ಹೋಗಿ, ಬಿಟ್ಟವರ ಬೆನ್ನು ಹತ್ತಬೇಡಿ. ಪಕ್ಕದ ಕಾಲೇಜಿನ ಇಬ್ಬರನ್ನು ಸೇರಿಸಿಕೊಂಡರೆ ಇನ್ನೂ ಒಳ್ಳೆಯದು.

ಸರ್ಕಾರಿ ಕಾಲೇಜಿನಲ್ಲಿ ಟ್ರಾನ್ಸ್‌ಫರ್ ಕೌನ್ಸೆಲಿಂಗ್ ಬಂತೆಂದರೆ ಬಳಗ ಕಟ್ಟಿದವರೇ ಬೇರೆ ಜಿಲ್ಲೆಗೆ ಹೋಗಬಹುದು. ಆದ್ದರಿಂದ ಜೆರಾಕ್ಸ್ ಪ್ರತಿಗಳು, ಕನ್ನಡದ ಸಾರಾಂಶಗಳು, ತಿದ್ದಿದ ಅಸೈನ್‌ಮೆಂಟ್‌ಗಳನ್ನು ಒಂದು ಫೈಲ್ ಮಾಡಿ ಲೈಬ್ರರಿಯಲ್ಲಿ ಇಡಿ, ಯಾರ ಮನೆಯಲ್ಲೂ ಬೇಡ. ಫೈಲಿನ ಮೊದಲ ಹಾಳೆಯಲ್ಲಿ ಊರವರಿಗೆ ಏನೇನು ಮಾತು ಕೊಟ್ಟಿದ್ದೀರಿ, ಅದರಲ್ಲಿ ಯಾವುದು ಇನ್ನೂ ಬಾಕಿ ಇದೆ ಎಂದು ಬರೆದಿರಿ. ಹೊಸಬರು ಬಂದಾಗ ಊರವರು ಮೊದಲು ಕೇಳುವುದು ಆ ಬಾಕಿಯನ್ನೇ.